ಮೈದಾನದ ಕೂಗು, ಮನೆಯ ಮಾತು



ನಮ್ಮ ಲೋಕಾಪುರ, ಮುಧೋಳ, ಜಮಖಂಡಿ ಕಡೆ ಆಟವೆಂದರೆ ಕುಸ್ತಿ, ಕಬಡ್ಡಿ, ಖೋ ಖೋ. ಅದರ ಮೇಲೆ ಕ್ರಿಕೆಟ್. ಫುಟ್ಬಾಲ್ ನಮಗೆ ದೂರದ ನೆಂಟನಂತೆ. ಆದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಹಾಸ್ಟೆಲ್‌ಗಳಲ್ಲಿ ಓದುವ ನಮ್ಮ ಹುಡುಗರು ರಜೆಗೆ ಬರುವಾಗ ಆ ನೆಂಟನನ್ನೂ ಕರೆತರುತ್ತಾರೆ. ಒಳ್ಳೆಯದೇ. ಆದರೆ ಆಟದ ಜೊತೆಗೆ ಬರುವ ಮಾತುಗಳ ಕಡೆಗೂ ನಾವು ಕಿವಿ ಕೊಡಬೇಕು.

ಕಬ್ಬಿನ ಹಂಗಾಮಿನ ಒಂದು ರಾತ್ರಿ ಲೋಕಾಪುರದ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಊಟವಾದ ಮೇಲೆ ಹಿರಿಯ ಮಗ ಮೊಬೈಲಿನಲ್ಲಿ ಯೂರೋಪಿನ ಯಾವುದೋ ಪಂದ್ಯ ಹಚ್ಚಿದ. ಎದುರು ತಂಡದ ಆಫ್ರಿಕಾ ಮೂಲದ ಆಟಗಾರನೊಬ್ಬ ಗೋಲು ಹೊಡೆದದ್ದೇ ತಡ, ಹುಡುಗನ ಬಾಯಿಂದ ಒಂದು ಪ್ರಾಣಿಯ ಹೆಸರು ಬಂತು. ಮನೆಯವರೆಲ್ಲ ನಕ್ಕರು. ನಾನು ಅವನ ಮುಖ ನೋಡಿದೆ. "ಬರೀ ಚಾಷ್ಟಿಗಿ ಅಂದೇನ್ರಿ ಫಾದರ್. ಅವಂಗೇನ್ ಇಲ್ಲಿಂದ ಕೇಳಸ್ತೈತಿ?" ಎಂದ.

ಅಷ್ಟರಲ್ಲಿ ತಾಯಿ ಚಹಾ ತಂದರು. ಎಲ್ಲರಿಗೂ ಕೊಟ್ಟರು, ಹನ್ನೊಂದು ವರ್ಷದ ಮಗಳೊಬ್ಬಳನ್ನು ಬಿಟ್ಟು. "ಆಕಿ ಕುಡಿಯಂಗಿಲ್ರಿ. ಚಹಾ ಕುಡದ್ರ ಇನ್ನೂ ಕರ್ರಗ ಆಕ್ಕೇನಂತಾಳ" ಎಂದರು. ಮತ್ತೆ ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಳಿತ ಆ ಹುಡುಗಿ ಮಾತ್ರ ನಗಲಿಲ್ಲ. ಅಣ್ಣನ ಮಾತು ಆಟಗಾರನಿಗೆ ಕೇಳಿರಲಿಲ್ಲ, ನಿಜ. ತಂಗಿಗೆ ಕೇಳಿತ್ತು.

ಪರದೇಶದ ಮೈದಾನಗಳಲ್ಲಿ ಆದದ್ದು

ಈ ಮಾತು ಇಂಗ್ಲೆಂಡಿನ ಮೈದಾನಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. 1970 ಮತ್ತು 1980ರ ದಶಕಗಳಲ್ಲಿ ಕಪ್ಪು ಆಟಗಾರನ ಕಾಲಿಗೆ ಚೆಂಡು ಬಂದರೆ ಸಾವಿರಾರು ಜನ ಕೋತಿಯಂತೆ ಕೂಗುತ್ತಿದ್ದರು, ಬಾಳೆಹಣ್ಣು ಎಸೆಯುತ್ತಿದ್ದರು. 1988ರಲ್ಲಿ ಲಿವರ್‌ಪೂಲ್ ತಂಡದ ಜಾನ್ ಬಾರ್ನ್ಸ್ ತನ್ನತ್ತ ಬಿದ್ದ ಬಾಳೆಹಣ್ಣನ್ನು ಹಿಮ್ಮಡಿಯಿಂದ ಒದ್ದು ಆಚೆ ಸರಿಸಿದ ಚಿತ್ರ ಪ್ರಸಿದ್ಧವಾಯಿತು. ಹೀಗೆ ಕೂಗುತ್ತಿದ್ದವರು ರಾಕ್ಷಸರಲ್ಲ. ಮಕ್ಕಳನ್ನು ಕೈಹಿಡಿದು ಮೈದಾನಕ್ಕೆ ಬಂದ ತಂದೆಯಂದಿರೂ ಅವರಲ್ಲಿದ್ದರು. ಅವರೂ ಇದನ್ನು "ಚಾಷ್ಟಿ" ಎಂದೇ ತಿಳಿದಿದ್ದರು.

ಮುಂದೆ ಬದಲಾವಣೆ ಬಂತು; ತಾನಾಗಿ ಬರಲಿಲ್ಲ. 1991ರಲ್ಲಿ ಅಲ್ಲಿನ ಸಂಸತ್ತು ಮೈದಾನದಲ್ಲಿ ವರ್ಣನಿಂದನೆಯ ಕೂಗು ಅಪರಾಧವೆಂದು ಕಾನೂನು ಮಾಡಿತು. ಅದರಲ್ಲೊಂದು ಕಂಡಿಯಿತ್ತು: ಇಬ್ಬರು ಅಥವಾ ಹೆಚ್ಚು ಜನ ಸೇರಿ ಕೂಗಿದರೆ ಮಾತ್ರ ಅಪರಾಧ. ಒಬ್ಬನೇ ಕೂಗಿದರೂ ಅಪರಾಧವೆಂದು 1999ರಲ್ಲಿ ತಿದ್ದಿದರು. 1993ರಲ್ಲಿ ವರ್ಣದ್ವೇಷವನ್ನು ಫುಟ್ಬಾಲಿನಿಂದ ಒದ್ದೋಡಿಸುವ ಚಳವಳಿ ಆರಂಭವಾಯಿತು. ಕ್ಲಬ್ಬುಗಳು ತಪ್ಪಿತಸ್ಥರಿಗೆ ಬಾಗಿಲು ಮುಚ್ಚಿದವು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಕುಳಿತ ಅಭಿಮಾನಿಯೇ "ಸಾಕು ಮಾಡು" ಎನ್ನಲು ಕಲಿತ. ಸಾಮೂಹಿಕ ಕೂಗು ಬಹುಮಟ್ಟಿಗೆ ಅಡಗಿತು.

ಆದರೆ ರೋಗ ಹೋಗಿರಲಿಲ್ಲ, ಜಾಗ ಬದಲಿಸಿತ್ತು. 2021ರ ಜುಲೈ 11ರಂದು ಯೂರೋ ಕಪ್ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಮೂವರು ಕಪ್ಪು ತರುಣರು, ರ‍್ಯಾಷ್‌ಫರ್ಡ್, ಸ್ಯಾಂಚೊ ಮತ್ತು ಸಾಕಾ, ಪೆನಾಲ್ಟಿ ತಪ್ಪಿಸಿದರು. ಆ ರಾತ್ರಿಯೇ ಅವರ ಮೊಬೈಲುಗಳ ಮೇಲೆ ಹೊಲಸು ಸುರಿಯಿತು. ಇನ್ನೊಂದು ಕಡೆ, ಮ್ಯಾಂಚೆಸ್ಟರಿನಲ್ಲಿ ರ‍್ಯಾಷ್‌ಫರ್ಡ್‌ನ ಗೋಡೆಚಿತ್ರವನ್ನು ಯಾರೋ ಕೆಡಿಸಿದಾಗ ಊರಿನ ಜನ, ಮಕ್ಕಳು ಸಹಿತ, ಪ್ರೀತಿಯ ಚೀಟಿಗಳನ್ನು ಅಂಟಿಸಿ ಆ ಗೋಡೆಯನ್ನೇ ಮುಚ್ಚಿದರು. ಒಂದೇ ದೇಶ, ಒಂದೇ ವಾರ, ಎರಡು ಮನಸ್ಸು.

ಸ್ಪೇನ್ ದೇಶದಲ್ಲಿ 2023ರ ಮೇ 21ರಂದು ವಲೆನ್ಸಿಯಾ ಮೈದಾನದಲ್ಲಿ ಬ್ರೆಜಿಲಿನ ವಿನೀಸಿಯಸ್‌ನನ್ನು ಹೀಗೆಯೇ ನಿಂದಿಸಿದ ಮೂವರಿಗೆ 2024ರ ಜೂನ್‌ನಲ್ಲಿ ನ್ಯಾಯಾಲಯ ಎಂಟು ತಿಂಗಳ ಸೆರೆವಾಸದ ಶಿಕ್ಷೆ ವಿಧಿಸಿತು. 2024ರಲ್ಲೇ ಬ್ಯಾಂಕಾಕಿನಲ್ಲಿ ಸೇರಿದ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ, ನಿಂದನೆಗೆ ಗುರಿಯಾದ ಆಟಗಾರ ಮಣಿಕಟ್ಟುಗಳನ್ನು ಅಡ್ಡಡ್ಡ ಹಿಡಿದು ಸನ್ನೆ ಮಾಡಿದರೆ ಪಂದ್ಯ ನಿಲ್ಲಿಸುವ, ನಿಂದನೆ ಮುಂದುವರಿದರೆ ಕಡೆಗೆ ರದ್ದುಪಡಿಸುವ ಕ್ರಮವನ್ನು ಎಲ್ಲ ದೇಶಗಳಿಗೂ ಒಪ್ಪಿಸಿತು.

ನಮ್ಮ ನೆಲದಲ್ಲಿ

"ಅದು ಬಿಳಿಯರ ಪಾಪ, ನಮಗೇನು?" ಎನ್ನಬೇಡಿ. ಕೇರಳದಲ್ಲಿಯೂ ನಮ್ಮ ಕಾಸರಗೋಡಿನಲ್ಲಿಯೂ ಏಳು ಜನರ ಫುಟ್ಬಾಲ್ ಬಹಳ ಜನಪ್ರಿಯ. ಹೊಟ್ಟೆಪಾಡಿಗಾಗಿ ಆಫ್ರಿಕಾದ ಆಟಗಾರರು ಅಲ್ಲಿಗೆ ಬರುತ್ತಾರೆ. ಅವರು ಯಾವ ದೇಶದವರಾದರೂ ಜನರ ಬಾಯಲ್ಲಿ "ಸುಡಾನಿ". 2018ರ ಒಂದು ಮಲಯಾಳ ಚಿತ್ರಕ್ಕೆ "ಸುಡಾನಿ ಫ್ರಮ್ ನೈಜೀರಿಯಾ" ಎಂಬ ಹೆಸರು ಬಂದದ್ದೇ ಇದರಿಂದ. 2024ರ ಮಾರ್ಚ್ 10ರಂದು ಮಲಪ್ಪುರಂ ಜಿಲ್ಲೆಯ ಅರೀಕೋಡ್ ಬಳಿ ಐವರಿ ಕೋಸ್ಟ್ ದೇಶದ ಆಟಗಾರನೊಬ್ಬನನ್ನು ಪ್ರೇಕ್ಷಕರು ಬೆನ್ನಟ್ಟಿ ಹೊಡೆದರು. ತನ್ನ ಬಣ್ಣವನ್ನು ಹಿಡಿದು ನಿಂದಿಸಿದರೆಂದೂ ಆತ ಪೊಲೀಸರಿಗೆ ದೂರು ಕೊಟ್ಟ.

ಅದಕ್ಕೆ ಮೊದಲು, 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ತಂಡಗಳ ಪಂದ್ಯ ನಡೆಯಿತು. ಮೇಘಾಲಯದಿಂದ ಬಂದ ತಮ್ಮ ಆಟಗಾರನಿಗೆ ಬೆಂಗಳೂರಿನ ವಿದೇಶಿ ಆಟಗಾರ ಜನಾಂಗೀಯ ಅವಮಾನದ ಸನ್ನೆ ಮಾಡಿದನೆಂದು ಕೇರಳದ ಕ್ಲಬ್ ದೂರಿತು. ಅದರ ಅಭಿಮಾನಿಗಳೂ ದನಿಗೂಡಿಸಿದರು. ದೂರನ್ನು ತೂಗಿ ನೋಡುವುದು ಆಟದ ಅಧಿಕಾರಿಗಳ ಕೆಲಸ. ನಾವು ಕೇಳಿಕೊಳ್ಳಬೇಕಾದದ್ದು ಬೇರೆ: ಇಂಥ ದೂರು ಬಂದಾಗ "ಏನಾಯಿತು?" ಎಂದು ಮೊದಲು ಕೇಳುತ್ತೇವೆಯೋ, "ನಮ್ಮ ತಂಡದವನೋ, ಅವರವನೋ?" ಎಂದೋ? ಎದುರಾಳಿ ಮಾಡಿದಾಗ ಪಾಪ, ನಮ್ಮವನು ಮಾಡಿದಾಗ ಚಾಷ್ಟಿ ಎಂದಾದರೆ ನಮಗೆ ಬೇಕಾದದ್ದು ನ್ಯಾಯವಲ್ಲ, ಗೆಲುವು.

ಇದೇ ನಾಡಿನಲ್ಲಿ ಇನ್ನೊಂದು ದೃಶ್ಯವೂ ಇದೆ. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರ ಫುಟ್ಬಾಲ್ ಹುಚ್ಚಿನ ಬಡವರ ಬಡಾವಣೆ. ಅಲ್ಲಿಯ ಜನ ಬ್ರೆಜಿಲಿನ ಕಪ್ಪು ಆಟಗಾರ ಪೆಲೆಯ ಪ್ರತಿಮೆಯನ್ನು ಅಂಬೇಡ್ಕರ್ ಮತ್ತು ಮದರ್ ತೆರೇಸಾರ ಪ್ರತಿಮೆಗಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ತುಳಿತದ ರುಚಿ ಕಂಡವರಿಗೆ ದೂರದ ಕಪ್ಪು ಮನುಷ್ಯ ಸ್ವಂತದವನಾಗಿ ಕಂಡ!

ಹಳಿಯಾಳದ ನಮ್ಮ ಸೋದರರು

ಇನ್ನೂ ಹತ್ತಿರ ಬನ್ನಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ಸಂತತಿಯವರು ಇವರಲ್ಲಿ ಬಹಳ ಮಂದಿ. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರಿದ್ದಾರೆ. ಹಳಿಯಾಳದ ಕಡೆ ಅನೇಕರು ಕಥೋಲಿಕರು. ತಲೆಮಾರುಗಳಿಂದ ಈ ಮಣ್ಣಿನಲ್ಲಿ ಬೆವರು ಸುರಿಸಿದ್ದಾರೆ. ಆದರೂ ಪೇಟೆಗೆ ಬಂದರೆ "ಯಾವ ದೇಶದವ?" ಎಂಬ ಪ್ರಶ್ನೆ ತಪ್ಪುವುದಿಲ್ಲ.

1980ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತವಿದೆ, ಪದಕ ತರುತ್ತಾರೆ ಎಂಬ ಲೆಕ್ಕ. ಕೆಲವರು ಒಳ್ಳೆಯ ಓಟಗಾರರಾದರು. ಆದರೆ ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಇಲ್ಲೊಂದು ಸೂಕ್ಷ್ಮವಿದೆ. "ಇವರು ಕಪ್ಪು, ಆದ್ದರಿಂದ ಓಡುತ್ತಾರೆ" ಎಂಬ ಹೊಗಳಿಕೆಗೂ "ಇವರು ಕಪ್ಪು, ಆದ್ದರಿಂದ ಕೀಳು" ಎಂಬ ತೆಗಳಿಕೆಗೂ ಬೇರು ಒಂದೇ. ಎರಡೂ ಮನುಷ್ಯನನ್ನು ನೋಡುವುದಿಲ್ಲ, ಚರ್ಮವನ್ನು ನೋಡುತ್ತವೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಜನಾಂಗದಿಂದ ಶಾಸನ ಸಭೆ ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು.

ಚಾಷ್ಟಿ ಎಲ್ಲಿ ಮುಗಿಯುತ್ತದೆ?

"ಆಟದಲ್ಲಿ ಎದುರಾಳಿಯನ್ನು ಕೆಣಕುವುದು ಇದ್ದದ್ದೇ ಅಲ್ಲವೇ?" ಎಂದು ತರುಣರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತತ್ವಶಾಸ್ತ್ರದ ಒಂದು ಸರಳ ಭೇದ ಇಲ್ಲಿ ಸಹಾಯಕ್ಕೆ ಬರುತ್ತದೆ: ಮಾಡಿದ್ದು ಬೇರೆ, ಇರುವುದು ಬೇರೆ. "ಎಂಥಾ ಹೊಡೆತ ತಪ್ಪಿಸಿದ್ಯೋ!" ಎಂದು ಕೂಗಿದರೆ ಅವನು ಮಾಡಿದ್ದನ್ನು ಟೀಕಿಸಿದಂತೆ. ಮುಂದಿನ ಪಂದ್ಯದಲ್ಲಿ ಅವನು ಅದನ್ನು ತಿದ್ದಿಕೊಳ್ಳಬಹುದು. ಬಣ್ಣ, ಕುಲ, ಮೂಗು, ಕಣ್ಣು ಹಿಡಿದು ಕೂಗಿದರೆ ಅವನು ಹುಟ್ಟಿದ್ದನ್ನೇ ತಪ್ಪೆಂದಂತೆ. ಅದನ್ನು ಅವನು ಹೇಗೆ ತಿದ್ದಿಕೊಳ್ಳಬೇಕು? ಅಂಥ ಮಾತು ತಾಗುವುದು ಅವನಿಗೊಬ್ಬನಿಗೇ ಅಲ್ಲ. ಅವನನ್ನು ಹೋಲುವ ಪ್ರತಿಯೊಬ್ಬರಿಗೂ, ಅವನನ್ನು ಸೃಷ್ಟಿಸಿದ ದೇವರಿಗೂ.

ಧರ್ಮಸಭೆಯೂ ಈ ವಿಷಯದಲ್ಲಿ ಎದೆ ತಟ್ಟಿಕೊಳ್ಳಬೇಕಾಗಿದೆ. ಗುಲಾಮರಿಗೆ ದೀಕ್ಷಾಸ್ನಾನ ಕೊಟ್ಟು, ಅವರನ್ನು ಗುಲಾಮರಾಗಿಯೇ ಇಟ್ಟುಕೊಂಡ ಕ್ರೈಸ್ತರಿದ್ದರು. ಜಗದ್ಗುರು ಹದಿನಾರನೇ ಗ್ರೆಗೊರಿಯವರು ಗುಲಾಮ ವ್ಯಾಪಾರವನ್ನು ಕಟುವಾಗಿ ಖಂಡಿಸಿದ್ದು 1839ರಲ್ಲಿ. ಬಣ್ಣ, ಜನಾಂಗಗಳ ಹೆಸರಿನ ಭೇದಭಾವ ಕ್ರಿಸ್ತರ ಮನಸ್ಸಿಗೆ ವಿರುದ್ಧವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. 2020ರಲ್ಲಿ ಜಗದ್ಗುರು ಫ್ರಾನ್ಸಿಸರು ವರ್ಣದ್ವೇಷವನ್ನು ರೂಪ ಬದಲಿಸಿ ಅವಿತುಕೊಳ್ಳುವ ವೈರಾಣುವಿಗೆ ಹೋಲಿಸಿದರು. ಮೈದಾನದಿಂದ ಮೊಬೈಲಿಗೆ ಅದು ಜಾರಿದ್ದನ್ನು ನಾವೇ ಕಂಡಿದ್ದೇವೆ. ಜಾತಿಯ ರೂಪದಲ್ಲಿ ಅದು ನಮ್ಮ ದೇವಾಲಯದ ಬೆಂಚುಗಳಲ್ಲಿಯೂ ಅವಿತಿಲ್ಲವೇ?

ಪ್ರೇಷಿತರ ಕಾರ್ಯಕಲಾಪಗಳ ಹದಿಮೂರನೆಯ ಅಧ್ಯಾಯದ ಮೊದಲ ವಚನವನ್ನು ತೆರೆದು ನೋಡಿ. ಅಂತಿಯೋಕ್ಯ ಸಭೆಯ ಬೋಧಕರ ಪಟ್ಟಿಯಲ್ಲಿ ಸಿಮೆಯೋನನೆಂಬವನಿದ್ದಾನೆ. ಅವನ ಅಡ್ಡಹೆಸರಿಗೆ ಲತೀನಿನಲ್ಲಿ "ಕಪ್ಪು" ಎಂದರ್ಥ. ಶಿಷ್ಯರಿಗೆ ಮೊದಲ ಬಾರಿ "ಕ್ರೈಸ್ತರು" ಎಂಬ ಹೆಸರು ಬಂದದ್ದು ಆ ಅಂತಿಯೋಕ್ಯದಲ್ಲೇ. ನಮಗೆ ಹೆಸರು ಕೊಟ್ಟ ಊರಿನ ಬೋಧಕರಲ್ಲೊಬ್ಬನನ್ನು ಜನ "ಕರಿಯ" ಎಂದು ಕರೆಯುತ್ತಿದ್ದರು. ಆ ಹೆಸರು ಅವನನ್ನು ಬೋಧಕನ ಪೀಠದಿಂದ ಕೆಳಗಿಳಿಸಲಿಲ್ಲ.

ಮನೆಯಿಂದಲೇ ಆರಂಭ

ನಮ್ಮ ಹಿರಿಯರು ಮಕ್ಕಳಿಗೆ ಕರಿಯಪ್ಪ, ಕರೆವ್ವ ಎಂದು ಅಕ್ಕರೆಯಿಂದ ಹೆಸರಿಟ್ಟರು. ನಾವು ಎರೆಮಣ್ಣನ್ನು ಕಣ್ಣಿಗೆ ಒತ್ತಿಕೊಳ್ಳುವ ಜನ. ಮಣ್ಣು ಕಪ್ಪಾದಷ್ಟೂ ನಮಗೆ ಹಿಗ್ಗು. ಹಾಗಿರುವಾಗ ಮಗಳ ಮುಖ ಕಪ್ಪಾದರೆ ಏಕೆ ಕುಗ್ಗಬೇಕು?

ಕೆಲವು ವಾರಗಳ ಮೇಲೆ ಆ ಮನೆಗೆ ಮತ್ತೆ ಹೋದೆ. ಹುಡುಗನೊಂದಿಗೆ ಹಿಂದೆಯೇ ಮಾತಾಡಿದ್ದೆ. ಅವನು ಒಂದೇ ಮಾತು ಅಂದ: "ಆಕಿಗೆ ಹತ್ತತೈತಿ ಅಂತ ನನಗ ಹೊಳದಿರಲಿಲ್ರಿ." ತಾಯಿ ಚಹಾ ತಂದಾಗ ಅವನೇ ಒಂದು ಕಪ್ಪು ಎತ್ತಿ ತಂಗಿಯ ಮುಂದೆ ಇಟ್ಟ. ಆಕೆ ಕೂಡಲೇ ಮುಟ್ಟಲಿಲ್ಲ. ವರ್ಷಗಳಿಂದ ಕೂತ ಮಾತು ಒಂದು ಸಂಜೆಗೆ ಏಳುವುದಿಲ್ಲ. ಆದರೆ ಅಂದು ಯಾರೂ ನಗಲಿಲ್ಲ. ಆರಂಭಕ್ಕೆ ಅಷ್ಟು ಸಾಕು.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಯಾರಿಗಾದರೂ ಬಣ್ಣದ ಮೇಲೆ ಅಡ್ಡಹೆಸರಿದೆಯೇ? ಅದು ಹಿಡಿಸುತ್ತದೆಯೇ ಎಂದು ಅವರನ್ನೇ ಕೇಳಿದ್ದೇವೆಯೇ?

2. ಮಕ್ಕಳು ಆಟ ನೋಡುವಾಗ ಆಟಗಾರನ ಹುಟ್ಟನ್ನು ಹಿಡಿದು ಮಾತಾಡಿದರೆ ಸುಮ್ಮನಿರುತ್ತೇವೆಯೇ, ನಗುತ್ತೇವೆಯೇ, ತಿದ್ದುತ್ತೇವೆಯೇ?

3. ಹೆಣ್ಣು ನೋಡಲು ಹೋದಾಗ ನಾವು ಮೊದಲು ಕೇಳುವುದು ಏನು?