ಓದು ಬರಹದಲ್ಲಿ ತೊಡಕುಳ್ಳ ಮಗು

ಮಾತಿನಲ್ಲಿ ಚುರುಕಾಗಿದ್ದು, ಕೇಳಿದ ಕಥೆಯನ್ನು ಬಿಡದೆ ಒಪ್ಪಿಸುವ ಮಗುವೂ ಪುಸ್ತಕ ತೆರೆದೊಡನೆ ತಡವರಿಸುವುದುಂಟು. ‘ಮ’ವನ್ನು ‘ವ’ ಎಂದು ಓದುವುದು, ಒತ್ತಕ್ಷರ ಬಿಡುವುದು ಇದರ ಕೆಲವು ಕುರುಹುಗಳು. ಇದನ್ನು ಸೋಮಾರಿತನವೆಂದು ಬಗೆದು ದಂಡಿಸುವುದು ಸಲ್ಲದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಮೊದಲು ಕಣ್ಣು, ಕಿವಿಗಳ ತಪಾಸಣೆ ಮಾಡಿಸಬೇಕು. ಒಂದು ಕನ್ನಡಕದಿಂದ ಮುಗಿಯುವ ತೊಂದರೆಗೆ ವರ್ಷವಿಡೀ ಬೈಗುಳ ತಿನ್ನುವ ಮಕ್ಕಳಿದ್ದಾರೆ.

ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಕುಟುಂಬಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ತಮಿಳು ಅಥವಾ ಇಂಗ್ಲಿಷ್ ಇರುವಾಗ ಹೊಸ ಭಾಷೆ ಕೈಗೂಡಲು ಕಾಲ ಬೇಕಾಗುತ್ತದೆ, ಅದು ದೋಷವಲ್ಲ. ಎರಡು ಭಾಷೆಗಳ ಬಳಕೆಯಿಂದ ಕಲಿಕೆಯ ನ್ಯೂನತೆ ಉಂಟಾಗುವುದಿಲ್ಲವಾದುದರಿಂದ ಮನೆಯಲ್ಲಿ ಕನ್ನಡ ಬಿಡಬೇಕೆಂಬ ಸಲಹೆಗೆ ಆಧಾರವಿಲ್ಲ. ಮಗು ಚೆನ್ನಾಗಿ ಬಲ್ಲ ಭಾಷೆಯಲ್ಲಿಯೂ ಅಕ್ಷರಕ್ಕೂ ಧ್ವನಿಗೂ ಇರುವ ಹೊಂದಿಕೆ ತಿಳಿಯದೆ ಬಹುಕಾಲ ತೊಳಲಿದರೆ ಮಾತ್ರ ಮಕ್ಕಳ ತಜ್ಞರನ್ನೂ ಮನಶ್ಶಾಸ್ತ್ರಜ್ಞರನ್ನೂ ಕಾಣುವುದು ಅವಶ್ಯಕ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಇದರ ನಿರ್ಣಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸಲಾಗುತ್ತದೆ. ಪ್ರಮಾಣಪತ್ರ ದೊರೆಯುವುದು 8 ವರ್ಷ ತುಂಬಿದ ಮೇಲೆ. ನೆರವಿಗೆ ಅಷ್ಟು ಕಾಯಬೇಕಾಗಿಲ್ಲ. ತಟ್ಟೆಯಲ್ಲಿ ರವೆ ಹರಡಿ, ದಿನಕ್ಕೆ ಒಂದೆರಡು ಅಕ್ಷರಗಳನ್ನು ಬೆರಳಿನಿಂದ ತಿದ್ದಿಸುತ್ತ ಅವುಗಳ ಧ್ವನಿಯನ್ನು ಗಟ್ಟಿಯಾಗಿ ನುಡಿಸಬಹುದು. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ನಡೆಯುತ್ತಿದ್ದುದೂ ಇದೇ. ಹದಿನೈದು ನಿಮಿಷ ಸಾಕು. ಮಗು ದಣಿದರೆ ಅದಕ್ಕೂ ಮುನ್ನವೇ ನಿಲ್ಲಿಸಬೇಕು. ಮುಂದೆ ಕೇಂದ್ರೀಯ ಮಂಡಳಿಯ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಮತ್ತು ಬರೆಯುವವರ ಸಹಾಯ ಪಡೆಯಲು ಈ ಪ್ರಮಾಣಪತ್ರವನ್ನು ಶಾಲೆಯ ಮೂಲಕ ಸಲ್ಲಿಸಬೇಕಾಗುತ್ತದೆ.