ಹಸುವಿನ ಹಾಲು: ಪರೀಕ್ಷೆಗೆ ಬೇಕಾದಷ್ಟು

ಹಸುವಿನ ಹಾಲಿನಲ್ಲಿ ಸುಮಾರು 87% ನೀರೇ. ಉಳಿದದ್ದರಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ, ಕೊಬ್ಬು, ಪ್ರೋಟೀನ್, ಖನಿಜಗಳಿವೆ. ಪ್ರೋಟೀನಿನ ಸುಮಾರು 80% ಕೇಸಿನ್. ಹಾಲಿನ ಬಿಳುಪಿಗೆ ಕೇಸಿನ್ ಕಣಗಳೂ ಕೊಬ್ಬಿನ ಹನಿಗಳೂ ಬೆಳಕನ್ನು ಚದುರಿಸುವುದೇ ಕಾರಣ. ನಸುಹಳದಿ ಛಾಯೆ ಕ್ಯಾರೊಟಿನ್‌ನದು. ಎಮ್ಮೆ ಹಾಲಿನಲ್ಲಿ ಕ್ಯಾರೊಟಿನ್ ತೀರಾ ಕಡಿಮೆ, ಕೊಬ್ಬು ಹೆಚ್ಚು.

100 ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಂಜಕ, ರೈಬೊಫ್ಲಾವಿನ್ (ಬಿ2), ಬಿ12 ಕೂಡ ಸಿಗುತ್ತವೆ. ಬೆಳಕು ತಾಗಿದರೆ ರೈಬೊಫ್ಲಾವಿನ್ ನಾಶವಾಗುತ್ತದೆ.

ಹಾಲನ್ನು 'ಸಂಪೂರ್ಣ ಆಹಾರ' ಎನ್ನುವುದು ರೂಢಿ. ಪ್ರಶ್ನೆ ತೆಗೆಯುವವರಿಗೆ ಪ್ರಿಯವಾದದ್ದು ಮಾತ್ರ ಅದರ ಕೊರತೆ: ಕಬ್ಬಿಣ ಮತ್ತು ವಿಟಮಿನ್ ಸಿ ಅದರಲ್ಲಿ ಅತ್ಯಲ್ಪ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬರಬಹುದಾದ್ದರಿಂದಲೇ ಒಂದು ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲು ಕುಡಿಸಬಾರದು ಎನ್ನುತ್ತಾರೆ.

ಲ್ಯಾಕ್ಟೋಸನ್ನು ಸಣ್ಣಕರುಳಿನ ಲ್ಯಾಕ್ಟೇಸ್ ಕಿಣ್ವವು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಬೆಳೆದಂತೆ ಅನೇಕರಲ್ಲಿ ಈ ಕಿಣ್ವ ಕುಗ್ಗುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ. ಇದು ಲ್ಯಾಕ್ಟೋಸ್ ಅಸಹಿಷ್ಣುತೆ. ಹಾಲಿನ ಅಲರ್ಜಿ ಬೇರೆ, ಅದು ಪ್ರೋಟೀನಿನ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ. ಎರಡನ್ನೂ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುವವರು ಕಡಿಮೆಯೇನಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದರಿಂದ ಲ್ಯಾಕ್ಟೋಸ್ ಅಸಹಿಷ್ಣುತೆ ಇರುವ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ.

ಇನ್ನು ನೆನಪಿಡಬೇಕಾದ ಬಿಡಿ ಅಂಶಗಳು. ಪಾಶ್ಚರೀಕರಣ (ರೋಗಾಣು ಕೊಲ್ಲಲು ಹಾಲನ್ನು ಕಾಯಿಸುವುದು): 72 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡ್. ವಿಶ್ವ ಹಾಲು ದಿನ ಜೂನ್ 1; ರಾಷ್ಟ್ರೀಯ ಹಾಲು ದಿನ ನವೆಂಬರ್ 26, ಶ್ವೇತಕ್ರಾಂತಿಯ ರೂವಾರಿ ವರ್ಗೀಸ್ ಕುರಿಯನ್ ಜನ್ಮದಿನ. ಕರ್ನಾಟಕದ ಶಾಲಾಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಆರಂಭವಾದದ್ದು 2013ರಲ್ಲಿ.