ಉತ್ಖನನ: ಅರ್ಥ ಮತ್ತು ಬಳಕೆ

ನೆಲದಡಿ ಹೂತುಹೋದ ಪ್ರಾಚೀನ ಅವಶೇಷಗಳನ್ನು ಪದರ ಪದರವಾಗಿ ಅಗೆದು, ದಾಖಲಿಸುತ್ತಲೇ ಹೊರತೆಗೆಯುವುದು ಉತ್ಖನನ. ಸಿಕ್ಕ ವಸ್ತುವಿನಷ್ಟೇ ಅದು ಸಿಕ್ಕ ಪದರವೂ ಮುಖ್ಯ; ಕಾಲ ಗೊತ್ತಾಗುವುದು ಅದರಿಂದಲೇ. ಇದಕ್ಕೆ ಉದಾಹರಣೆಯಾಗಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಗ್ಗೆ ಮರೆಯದೆ ಓದಿಕೊಳ್ಳಿ. ಪುರಾತತ್ವಜ್ಞ ಡಾ. ಎಂ.ಎಚ್. ಕೃಷ್ಣ ಅವರ ಬಳಿಕ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ತಳದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಅದರ ಮೇಲೆ ಬೃಹತ್ ಶಿಲಾಯುಗದ ಕಬ್ಬಿಣದ ಉಪಕರಣ ಹಾಗೂ ಕಪ್ಪು-ಕೆಂಪು ಮಡಕೆಗಳು, ಮೇಲ್ಪದರದಲ್ಲಿ ಶಾತವಾಹನ ಕಾಲದ ಕುರುಹುಗಳು ಸಿಕ್ಕವು. ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಾನುಕ್ರಮಕ್ಕೆ ಇದು ಭದ್ರ ಬುನಾದಿ ಹಾಕಿತು. ಶಾತವಾಹನರ ನೆಲೆಯಾದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳೂ ದೊರೆತಿವೆ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲಿ: 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ ಬಂಡೆಯ ಮೇಲೇ ಇತ್ತು; ಅದನ್ನು ಶೋಧ ಎನ್ನಬೇಕು, ಉತ್ಖನನ ಎನ್ನಬಾರದು.